ದಮ್ಮಿನ ಮದ್ದು, ಜೀನುಗಳ ಲೆಕ್ಕ

ಕಲಬುರಗಿ ಜಿಲ್ಲೆಯ ಶಹಾಬಾದದ ಫರಸಿ ಕಲ್ಲಿನ ಗಣಿಗಳು, ವಾಡಿ, ಚಿತ್ತಾಪುರ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು, ಚಿಂಚೋಳಿಯ ತೊಗರಿ ರಾಶಿ ಇವುಗಳ ಧೂಳಿನ ನಡುವೆ ಬದುಕುವವರಿಗೆ ದಮ್ಮಿನ ರೋಗವೂ ಅದಕ್ಕೆ ವೈದ್ಯರು ಬರೆದುಕೊಡುವ ಸ್ಟಿರಾಯ್ಡ್ ಔಷಧವೂ ಹೊಸವಲ್ಲ. ಈ ಔಷಧ ಶ್ವಾಸನಾಳದ ಉರಿಯೂತವನ್ನು ಇಳಿಸುವಾಗ ಜೀವಕೋಶದೊಳಗೆ ಯಾವ ಜೀನಿನ ಕೆಲಸ ಏರುತ್ತದೆ, ಯಾವುದರದು ತಗ್ಗುತ್ತದೆ ಎಂಬುದನ್ನು ಒಂದೇ ಸಲಕ್ಕೆ ಎಣಿಸಿ ತೋರಿಸುವ ವಿಧಾನವೇ ಆರ್‌ಎನ್‌ಎ ಸೀಕ್ವೆನ್ಸಿಂಗ್.

ದೇಹದ ಕೋಶಗಳಲ್ಲೆಲ್ಲ ಡಿಎನ್‌ಎ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ಕೆಲಸಕ್ಕೆ ಇಳಿದ ಜೀನು ಮಾತ್ರ ಆರ್‌ಎನ್‌ಎ ಎಂಬ ನಕಲುಗಳನ್ನು ಹೊರಡಿಸುತ್ತದೆ. ಈ ನಕಲುಗಳನ್ನು ಬೇರ್ಪಡಿಸಿ, ಡಿಎನ್‌ಎ ರೂಪಕ್ಕೆ ತಿರುಗಿಸಿ, ಕೋಟಿಗಟ್ಟಲೆ ತುಣುಕುಗಳ ಅಕ್ಷರಕ್ರಮವನ್ನು ಯಂತ್ರದಿಂದ ಓದಿಸಿ, ಯಾವ ಜೀನಿಗೆ ಎಷ್ಟು ಎಂದು ಗಣಕದಲ್ಲಿ ಎಣಿಸಲಾಗುತ್ತದೆ.

ಇದರ ಒಂದು ಪ್ರಸಿದ್ಧ ಉದಾಹರಣೆ ದಮ್ಮಿನ ಮದ್ದಿನದೇ. ಅಮೆರಿಕದ ಬ್ಲಾಂಕಾ ಹೈಮ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ, ಕಸಿಗೆ ಬಳಕೆಯಾಗದೆ ಉಳಿದ ಶ್ವಾಸಕೋಶಗಳ ನಾಲ್ವರು ದಾನಿಗಳ ಶ್ವಾಸನಾಳದ ಸ್ನಾಯುಕೋಶಗಳನ್ನು ಬೆಳೆಸಿ, ಒಂದು ಪಾಲಿಗೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡನ್ನು 18 ಗಂಟೆ ಕಾಲ ಉಣಿಸಿ, ಇನ್ನೊಂದು ಪಾಲನ್ನು ಹಾಗೆಯೇ ಬಿಡಲಾಗಿತ್ತು. ನಾಲ್ವರು ಎಂಬುದು ಸಣ್ಣ ಸಂಖ್ಯೆಯೇ ಸರಿ. ಆದರೆ ಒಬ್ಬೊಬ್ಬರ ಕೋಶವನ್ನೂ ಅವರದೇ ಕೋಶದೊಂದಿಗೆ ಹೋಲಿಸಿದ್ದರಿಂದ ವ್ಯಕ್ತಿಭೇದದ ಗೊಂದಲ ತಗ್ಗಿ, 316 ಜೀನುಗಳಲ್ಲಿ ಸ್ಪಷ್ಟ ಬದಲಾವಣೆ ಕಂಡಿತು. ಅವುಗಳಲ್ಲಿ ಕೆಲವು ಮೊದಲೇ ಪರಿಚಿತವಾಗಿದ್ದವು. ಈ ಸಂಬಂಧದಲ್ಲಿ ಅಷ್ಟಾಗಿ ಯಾರೂ ಗಮನಿಸಿರದ ಸಿಆರ್‌ಐಎಸ್‌ಪಿಎಲ್‌ಡಿ2 ಎಂಬ ಜೀನನ್ನು ತಗ್ಗಿಸಿ ನೋಡಿದಾಗ ಉರಿಯೂತದ ಸಂಕೇತಗಳು ಹೆಚ್ಚಿದ್ದರಿಂದ, ಔಷಧದ ಗುಣದಲ್ಲಿ ಅದಕ್ಕೂ ಪಾಲಿರಬಹುದೆಂಬ ಸುಳಿವು ಸಿಕ್ಕಿತು. ಈ ದತ್ತಾಂಶ ಎಲ್ಲರಿಗೂ ಮುಕ್ತವಾಗಿರುವುದರಿಂದ ಇಂದು ಈ ವಿದ್ಯೆ ಕಲಿಯುವವರಿಗೆ ಅದೇ ಪಾಠದ ಹಲಗೆಯಾಗಿದೆ.

ಈ ವಿದ್ಯೆಯಲ್ಲಿ ಕರ್ನಾಟಕದ ಪಾಲು ಬಹುಮಟ್ಟಿಗೆ ಲೆಕ್ಕದ ಕಡೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸ್ಟ್ರ್ಯಾಂಡ್ ಸಂಸ್ಥೆ, ಜೀನುಗಳ ಏರಿಳಿತವನ್ನು ವಿಶ್ಲೇಷಿಸುವ ತಂತ್ರಾಂಶಗಳನ್ನು ರೂಪಿಸಿತು.

ಆದರೆ ಹೈಮ್ಸ್ ಅಧ್ಯಯನದ ಆ ನಾಲ್ವರು ದಾನಿಗಳೂ ಬಿಳಿಯರು; ನಮ್ಮವರ ಕೋಶಗಳು ಆ ಲೆಕ್ಕದಲ್ಲಿಲ್ಲ. ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಡಿಎನ್‌ಎ ಓದಿ, 2025ರಲ್ಲಿ ಸಂಶೋಧಕರಿಗೆ ಒದಗಿಸಿದ್ದು ದೊಡ್ಡ ಕೆಲಸವೇ; ಆದರೂ ರಕ್ತದ ಡಿಎನ್‌ಎ ಶ್ವಾಸನಾಳದ ಸ್ನಾಯು ಔಷಧಕ್ಕೆ ಹೇಗೆ ಸ್ಪಂದಿಸುತ್ತದೆಂದು ಹೇಳಲಾರದು, ಅದಕ್ಕೆ ಆ ಸ್ನಾಯುವಿನ ಕೋಶಗಳೇ ಬೇಕು. ಕಲಬುರಗಿಯ ವೈದ್ಯಕೀಯ ಕಾಲೇಜುಗಳೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಕೂಡಿ ದಾನಿಗಳ ಅಂಗಾಂಶ ಸಂಗ್ರಹಕ್ಕೆ ಮನಸ್ಸು ಮಾಡಿದರೆ, ಗಣಿಯಲ್ಲಿ ಕಲ್ಲು ಸೀಳುತ್ತ ಆಯುಷ್ಯ ಕಳೆದವರ ಕೋಶಗಳೂ ಎಂದಾದರೂ ಆ ಲೆಕ್ಕಕ್ಕೆ ಸೇರಬಹುದು.