ಗಂಡು, ಹೆಣ್ಣು: ಹುಟ್ಟಿದ್ದೆಷ್ಟು, ಕಲಿತದ್ದೆಷ್ಟು?

ಅಗರಖೇಡದಂಥ ಭೀಮಾ ತೀರದ ಊರುಗಳಲ್ಲಿ ಎತ್ತಿನ ಬಿತ್ತನೆಯೆಂದರೆ ಕೂರಿಗೆ ಹೊಡೆಯುವವನು ಗಂಡಸು, ಬಟ್ಟಲಿಗೆ ಬೀಜ ಬಿಡುವವಳು ಹೆಂಗಸು. ಬುದ್ಧಿ ತಿಳಿದಾಗಿನಿಂದ ಇದನ್ನೇ ನೋಡಿದ ಮಗುವಿಗೆ ಇದು ಪ್ರಕೃತಿಯ ಏರ್ಪಾಡೆಂದೇ ಅನಿಸುತ್ತದೆ. ಸಮಾಜಶಾಸ್ತ್ರ ಅಂಥ ನಂಬಿಕೆಗಳನ್ನೇ ಪರೀಕ್ಷಿಸುತ್ತದೆ.

ಕಲ್ಪನೆ: ಗಂಡಿನ ಗುಣ, ಹೆಣ್ಣಿನ ಗುಣ ಹುಟ್ಟಿನಿಂದಲೇ ಬರುತ್ತವೆ.

ಸತ್ಯ: ಹೆರುವುದು ದೇಹದ ಸಂಗತಿ. ಅಡುಗೆ ಹಾಗಲ್ಲ. ಮನೆಯಲ್ಲಿ ಅದು ಹೆಣ್ಣಿನ ಪಾಲಾದರೂ, ಜಾತ್ರೆಯ ದಾಸೋಹದಲ್ಲಿ ದೊಡ್ಡ ಒಲೆಗಳ ಮುಂದೆ ನಿಲ್ಲುವವರು ಬಹುಮಟ್ಟಿಗೆ ಗಂಡಸರೇ. ದೇಹದ ಲಿಂಗ ಬೇರೆ, ಸಮಾಜ ಅದರ ಮೇಲೆ ಹೊರಿಸುವ ಲಿಂಗತ್ವ ಬೇರೆ ಎಂಬುದನ್ನು ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಆ್ಯನ್ ಓಕ್ಲಿ 1972ರ ಪುಸ್ತಕದಲ್ಲಿ ವಿವರಿಸಿದರು. ಬಸವನ ಬಾಗೇವಾಡಿಯ ಸೀಮೆಗೆ ಈ ಪ್ರಶ್ನೆ ಹಳೆಯದೇ. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೇಕೆ ಎಂದು ಬಾಲಕ ಬಸವಣ್ಣ ಕೇಳಿದ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಅಕ್ಕನಿಗೆ ಅದನ್ನು ತಪ್ಪಿಸಿದ್ದು ರೂಢಿ.

ಕಲ್ಪನೆ: ನಾವು ಭೇದ ಮಾಡಿಲ್ಲ, ಮಕ್ಕಳು ತಾವಾಗಿಯೇ ಹೀಗಾದರು.

ಸತ್ಯ: ಕೂರಿಸಿಕೊಂಡು ಹೇಳಿಕೊಡುವುದಕ್ಕಿಂತ ಆಡುವ ಮಾತಿನಲ್ಲೇ ಹೆಚ್ಚು ಕಲಿಸುತ್ತೇವೆ. ಮಗನಿಗೆ ‘ಹೆಣ್ಣುಮಕ್ಕಳ ಹಂಗ ಅಳಬ್ಯಾಡ’, ಮಗಳಿಗೆ ‘ನಾಳೆ ಗಂಡನ ಮನ್ಯಾಗ ಏನಂತಾರ?’ ವ್ರತ, ಗಾದೆ, ಬಡಿಸುವ ಕ್ರಮ, ಮನೆಗೆಲಸ ಇವೆಲ್ಲ ಸೇರಿ ತವರು ತನಗೆ ಶಾಶ್ವತವಲ್ಲವೆಂದು ಹುಡುಗಿಗೆ ಹೇಗೆ ಮನವರಿಕೆ ಮಾಡಿಸುತ್ತವೆ ಎಂಬುದನ್ನು ಭಾರತದ ಮಾನವಶಾಸ್ತ್ರಜ್ಞೆ ಲೀಲಾ ದುಬೆ 1988ರ ಪ್ರಬಂಧದಲ್ಲಿ ತೋರಿಸಿದರು. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕ್ಯಾಂಡೇಸ್ ವೆಸ್ಟ್ ಮತ್ತು ಡಾನ್ ಝಿಮ್ಮರ್‌ಮನ್, ಲಿಂಗತ್ವವೆಂದರೆ ದಿನವೂ ನಾಲ್ಕು ಜನರೆದುರು ನಡೆದು ತೋರಿಸುವಂಥದ್ದು ಎಂದು ವಾದಿಸಿದ್ದರು. ಕಟ್ಟೆಯ ಮೇಲೆ ಹಿರಿಯರಿದ್ದರೆ ತಲೆಮೇಲೆ ಸೆರಗು ಎಳೆದುಕೊಳ್ಳುವ ಸೊಸೆ, ಗೆಳೆಯರೆದುರು ಅಳು ನುಂಗುವ ಹುಡುಗ ಇಬ್ಬರೂ ಮಾಡುವುದು ಅದನ್ನೇ. ತಪ್ಪಿದರೆ ಊರು ಆಡಿಕೊಳ್ಳುತ್ತದೆಂಬ ಅಂಜಿಕೆ ರೂಢಿಯನ್ನು ಕಾಯುತ್ತದೆ.

ಕಲ್ಪನೆ: ಹಾಗಾದರೆ ಬೆಳೆಸಿದಂತೆ ಮಗು ಆಗುತ್ತದೆ, ಹೊಡೆದು ತಿದ್ದಬಹುದು.

ಸತ್ಯ: ಇದು ಅತಿ ಅಪಾಯದ ಕಲ್ಪನೆ. 1965ರಲ್ಲಿ ಕೆನಡಾದಲ್ಲಿ ಹುಟ್ಟಿದ ಡೇವಿಡ್ ರೀಮರ್ ಎಂಬ ಗಂಡುಮಗುವಿನ ಜನನಾಂಗ ಶಸ್ತ್ರಚಿಕಿತ್ಸೆಯ ಅವಘಡದಲ್ಲಿ ನಾಶವಾಯಿತು. ಮನಶ್ಶಾಸ್ತ್ರಜ್ಞ ಜಾನ್ ಮನಿ ಸಲಹೆಯಂತೆ ಮಗುವನ್ನು ಹೆಣ್ಣಾಗಿ ಬೆಳೆಸಿದರು. ಹದಿಹರೆಯದಲ್ಲಿ ನಿಜ ತಿಳಿದ ಡೇವಿಡ್ ಗಂಡಾಗಿಯೇ ಬದುಕಲು ನಿರ್ಧರಿಸಿದ. ನಮ್ಮಲ್ಲಿ, ಬಳ್ಳಾರಿ ಸೀಮೆಯ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರನ್ನು ಮನೆಯವರು ಬೆಳೆಸಿದ್ದು ಹುಡುಗನೆಂದೇ. ಒಳಗಿನ ಹೆಣ್ತನವನ್ನು ಆ ಪಾಲನೆ ಅಳಿಸಲಿಲ್ಲ. ಎಲ್ಲಮ್ಮ ದೇವಿಗೆ ಮುಡಿಪಾದವರ ಜೋಗತಿ ಪರಂಪರೆ ಅದಕ್ಕೊಂದು ಹೆಸರು, ಸೀರೆ, ಚೌಡಿಕೆ ವಾದ್ಯ, ದೇವಿಯನ್ನು ಹೊರುವ ಪಡಲಗಿಯನ್ನು ಕೊಟ್ಟಿತು. ತಾನು ಯಾರೆಂಬ ಒಳಗಿನ ಅರಿವು ಪಾಲನೆಯೊಂದರಿಂದಲೇ ಹುಟ್ಟುವುದಿಲ್ಲ. ಅದನ್ನು ಯಾವ ರೂಪದಲ್ಲಿ ಬದುಕಬಹುದು ಎಂಬುದನ್ನು ಮಾತ್ರ ಸಮಾಜ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಕಲ್ಪನೆ: ಹೀಗೆ ದೇವಿಗೆ ಮುಡಿಪಾಗಿ ಹೆಣ್ಣಾಗಿ ಬದುಕುವ ಜೋಗಪ್ಪಗಳಿಗೆ ಕೈಮುಗಿಯುತ್ತೇವೆ, ಹಾಗಾಗಿ ನಮ್ಮಲ್ಲಿ ತಾರತಮ್ಯವಿಲ್ಲ.

ಸತ್ಯ: ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಪಡಲಗಿ ಹೊತ್ತು ಬಂದವರಿಗೆ ಜೋಳ ನೀಡಿ, ಅವರಿಗೇ ಬಾಡಿಗೆ ಮನೆ ಕೊಡಲು, ಕೂಲಿಗೆ ಕರೆಯಲು ಹಿಂಜರಿಯುವುದನ್ನು ಗೌರವವೆನ್ನಲಾಗದು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸುವ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ತಂದಿತು. ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವಕಾಶದ ಬಾಗಿಲು ತೆರೆದರೆ ಭಿಕ್ಷೆಯ ಆಚೆಗೂ ಬದುಕಿದೆ ಎಂಬುದಕ್ಕೆ ಅವರೇ ಸಾಕ್ಷಿ.

ಸಮಾಜ ಕಟ್ಟಿದ್ದನ್ನು ಸಮಾಜ ಬದಲಿಸಬಹುದು: ಮಗ ರೊಟ್ಟಿ ಬಡಿಯಬಹುದು, ಮಗಳು ಕೂರಿಗೆ ಹೊಡೆಯಬಹುದು. ಸಮಾಜ ಕಟ್ಟದಿರುವುದನ್ನು ಬಡಿಗೆಯಿಂದಾಗಲಿ ಹರಕೆಯಿಂದಾಗಲಿ ಬದಲಿಸಲಾಗದು. ಮಗು ತನ್ನ ಬಗ್ಗೆ ಏನನ್ನೋ ಹೇಳಲು ಬಂದಾಗ ತಂದೆತಾಯಿ, ಶಿಕ್ಷಕರು ಮೊದಲು ಕೇಳಿಸಿಕೊಳ್ಳಬೇಕು. ಶಾಲೆ ಬಿಡಿಸದೆ, ಮನೆಯಿಂದ ಹೊರಗೆ ಹಾಕದೆ ಜೊತೆಗೆ ನಿಲ್ಲಬೇಕು.