ಕಾರಿನ ಬ್ರೇಕ್ ಪ್ಯಾಡ್: ಆಯ್ಕೆಯ ಲೆಕ್ಕಾಚಾರ

ನಿಪ್ಪಾಣಿಯ ತಂಬಾಕು ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಇಂದು ಕಾರು ತಕ್ಕಡಿಯಷ್ಟೇ ಅನಿವಾರ್ಯವಾದ ಸಾಧನವಾಗಿದೆ. ಬೆಳಿಗ್ಗೆ ಕೊಲ್ಹಾಪುರ, ಸಂಜೆ ಬೆಳಗಾವಿ ಎಂಬ ಓಡಾಟದಲ್ಲಿ ತವನಿಧಿ ಘಾಟಿನ ಇಳಿಜಾರು ನಿತ್ಯದ್ದು. ಕೊಂಕಣ ಅಥವಾ ಗೋವೆಗೆ ಹೊರಟರೆ ಫೋಂಡಾ, ಆಂಬೋಲಿ ಘಾಟುಗಳು ಎದುರಾಗುತ್ತವೆ. ಹೀಗಿರುವಾಗ 'ಪರ್ಫಾರ್ಮನ್ಸ್ ಪ್ಯಾಡ್' ಎಂಬ ಹೆಸರಿನಲ್ಲಿ ಮಾರಾಟವಾಗುವ ದುಬಾರಿ ಸರಕಿನತ್ತ ಮನಸ್ಸು ವಾಲುವುದು ಸಹಜವೇ ಸರಿ. ಆದರೆ ದುಬಾರಿಯಾದುದೆಲ್ಲವೂ ರಸ್ತೆಗೆ ಯೋಗ್ಯವಲ್ಲ.

ಬ್ರೇಕಿನ ಕೆಲಸವೆಂದರೆ ಚಲನೆಯ ಶಕ್ತಿಯನ್ನು ಶಾಖವನ್ನಾಗಿ ಪರಿವರ್ತಿಸುವುದು. 1200 ಕಿ.ಗ್ರಾಂ. ತೂಕದ ಕಾರನ್ನು ಗಂಟೆಗೆ 80 ಕಿ.ಮೀ. ವೇಗದಿಂದ ನಿಲ್ಲಿಸಿದಾಗ ಸುಮಾರು 300 ಕಿಲೋಜೂಲ್ ಶಾಖ ಹುಟ್ಟುತ್ತದೆ. ಘಾಟಿನಲ್ಲಿ 100 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಅಂತಹ ನಾಲ್ಕು ನಿಲುಗಡೆಗಳಿಗೆ ಸಮ. ಗೇರನ್ನು ತಗ್ಗಿಸಿ ಎಂಜಿನ್ನಿನ ತಡೆಯನ್ನು ಬಳಸಿದರೆ ಈ ಶಾಖದ ಒಂದು ಪಾಲು ಪ್ಯಾಡಿಗೆ ತಲುಪುವುದೇ ಇಲ್ಲ. ನ್ಯೂಟ್ರಲ್‌ನಲ್ಲಿ ಇಳಿದು ಇಂಧನ ಉಳಿಸುವವರು ಇದನ್ನು ಅವಶ್ಯ ಗಮನಿಸತಕ್ಕದ್ದು.

ಶಾಖ ಮಿತಿಮೀರಿದಾಗ ಪ್ಯಾಡಿನಲ್ಲಿರುವ ರಾಳವು ವಿಘಟನೆಗೊಂಡು ಹಿಡಿತ ಕುಸಿಯುತ್ತದೆ. ರೇಸಿಂಗ್ ಪ್ಯಾಡುಗಳು ಇದನ್ನು ತಡೆದುಕೊಳ್ಳುತ್ತವೆಯಾದರೂ ಅವುಗಳ ದೋಷ ಇನ್ನೊಂದು ತುದಿಯಲ್ಲಿದೆ: ಬಿಸಿಯಾಗುವವರೆಗೆ ಅವು ಸರಿಯಾಗಿ ಹಿಡಿಯುವುದಿಲ್ಲ. ಚಳಿಗಾಲದ ಮುಂಜಾವಿನಲ್ಲಿ ಮನೆಯಿಂದ ಹೊರಟು ಎರಡೇ ನಿಮಿಷದಲ್ಲಿ ಶಾಲೆಯ ಮಗುವೊಂದು ಅಡ್ಡ ಬಂದರೆ ಆ ಪ್ಯಾಡು ತಣ್ಣಗೇ ಇರುತ್ತದೆ. ಮೇಲಾಗಿ ಡಿಸ್ಕ್ ಬೇಗ ಸವೆಯುತ್ತದೆ, ಕಿರುಗುಟ್ಟುವ ಸದ್ದೂ ಹೆಚ್ಚು.

ಕೆಲವು ಪ್ಯಾಡುಗಳ ಬೆನ್ನಿನ ಮೇಲೆ ಅಮೆರಿಕದ ಎಸ್‌ಎಇ ಪದ್ಧತಿಯಂತೆ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಉಷ್ಣತೆಯ, ಎರಡನೆಯದು ಅಧಿಕ ಉಷ್ಣತೆಯ ಘರ್ಷಣೆಯನ್ನು ಸೂಚಿಸುತ್ತದೆ. 'ಇ' ಎಂದರೆ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45, 'ಜಿ' ಎಂದರೆ 0.45ರಿಂದ 0.55. 'ಎಫ್‌ಇ' ಎಂದಿದ್ದರೆ ಬಿಸಿಯಲ್ಲಿ ಹಿಡಿತ ತಗ್ಗುತ್ತದೆಂದು ತಿಳಿಯಬೇಕು. ಘಾಟು ಇಳಿಯುವವರು 'ಎಫ್‌ಎಫ್' ಅಥವಾ ಅದಕ್ಕಿಂತ ಮೇಲಿನದನ್ನು ಕೇಳುವುದು ಲೇಸು. ಆದರೆ ಇದು ಚಿಕ್ಕ ತುಣುಕಿನ ಪ್ರಯೋಗಾಲಯ ಪರೀಕ್ಷೆಯ ಫಲ. ಇಡೀ ಕಾರಿನ ನಿಲುಗಡೆಯ ಭರವಸೆಯಲ್ಲ. ಬಹುಮಟ್ಟಿಗೆ ವಾಹನ ತಯಾರಕರ ಮೂಲ ಪ್ಯಾಡ್ ಅಥವಾ ಅದೇ ದರ್ಜೆಯ ರಸ್ತೆ ಬಳಕೆಯ ಪ್ಯಾಡ್ ಸಾಕು.

ಇನ್ನು ಖರ್ಚಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ಬ್ರೇಕ್ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಸ್ವಂತ ಓಡಾಟದ ಕಾರಿನ ದುರಸ್ತಿ ಸೇವೆಗೆ ತೆತ್ತ ತೆರಿಗೆಯ ಹೂಡುವಳಿ ಜಮೆ, 17(5)ನೇ ಕಲಮಿನನ್ವಯ, ಸಾಮಾನ್ಯವಾಗಿ ದೊರೆಯದು. ಆದರೂ ಬಿಲ್ಲನ್ನು ಬಿಡಬಾರದು: ನಕಲಿ ಮಾಲು ಬಿಲ್ಲಿಲ್ಲದೆಯೇ ಹೆಚ್ಚು ಸಂಚರಿಸುತ್ತದೆ, ಮತ್ತು ಪ್ಯಾಡು ಕೈಕೊಟ್ಟ ದಿನ ಗ್ರಾಹಕರ ಬಳಿ ಇರುವ ಪುರಾವೆ ಅದೊಂದೇ.

ಪ್ಯಾಡಿಗಿಂತ ಮೊದಲು ಬ್ರೇಕ್ ದ್ರವವನ್ನು ನೋಡುವುದು ಒಳಿತು. ಹೊಸ ಡಾಟ್ 4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ತೇವಾಂಶ ಹೀರಿದ ಬಳಿಕದ ಕನಿಷ್ಠ ಮಿತಿ 155. ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹತ್ತುತ್ತದೆ. ಆಗ ಯಾವ ಪ್ಯಾಡೂ ಉಪಯೋಗಕ್ಕೆ ಬಾರದು. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸುವ ಖರ್ಚು ಪರ್ಫಾರ್ಮನ್ಸ್ ಪ್ಯಾಡಿನ ಬೆಲೆಯ ಮುಂದೆ ಅತ್ಯಲ್ಪ. ಹೊಸ ಪ್ಯಾಡು ಕೂಡಿಸಿದ ದಿನವೇ ಘಾಟಿಗೆ ಹೊರಡದೆ, ಮೊದಲ ಕೆಲವು ದಿನ ಖಾಲಿ ರಸ್ತೆಯಲ್ಲಿ ಮೃದುವಾಗಿ ಬ್ರೇಕ್ ಒತ್ತುತ್ತ, ನಡುನಡುವೆ ಆರಲು ಬಿಟ್ಟು, ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಅವಕಾಶ ಕೊಡತಕ್ಕದ್ದು.