ಮಾತಾಡುವ ರೈಲು ಇಂಜಿನ್ನು

ಸೊನ್ನೆ ಸೊನ್ನೆ ಏಳು ಅಂದರೆ ಯಾರು? ಜೇಮ್ಸ್ ಬಾಂಡ್ ಅಂತ ಎಲ್ಲರೂ ಕೂಗುತ್ತೀರಿ. ಆದರೆ ಬಾಂಡ್‌ನ ಮೊದಲ ಪುಸ್ತಕ ಬಂದದ್ದು 1953ರಲ್ಲಿ. ಅದಕ್ಕೂ 56 ವರ್ಷ ಮೊದಲೇ ಇದೇ ನಂಬರಿನ ಕಥಾನಾಯಕ ಒಬ್ಬನಿದ್ದ. ಅವನು ಮನುಷ್ಯನಲ್ಲ, ರೈಲು ಇಂಜಿನ್ನು!

ಈ ಕಥೆ ಬರೆದವರು ರುಡ್ಯಾರ್ಡ್ ಕಿಪ್ಲಿಂಗ್ ಎಂಬ ಇಂಗ್ಲಿಷ್ ಲೇಖಕರು. ಅವರು ಹುಟ್ಟಿದ್ದು 1865ರಲ್ಲಿ, ಮುಂಬಯಿಯಲ್ಲಿ. 'ಜಂಗಲ್ ಬುಕ್'ನ ಮೋಗ್ಲಿಯೂ ಅವರದೇ. ಇಂಜಿನ್ನಿನ ಕಥೆ 1897ರಲ್ಲಿ ಅಚ್ಚಾಯಿತು. ನಮ್ಮ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಶುರುವಾದದ್ದು ಅದಾಗಿ ಎರಡು ವರ್ಷಕ್ಕೆ, 1899ರಲ್ಲಿ.

ಕಥೆ ನಡೆಯುವುದು ಅಮೆರಿಕಾದಲ್ಲಿ. ಹೊಸ ಇಂಜಿನ್ನು ಶೆಡ್ಡಿಗೆ ಬರುತ್ತದೆ. ಅದರ ಕೆಂಪು ಬಣ್ಣ ಇನ್ನೂ ಸರಿಯಾಗಿ ಆರಿರುವುದಿಲ್ಲ. ಅಲ್ಲಿದ್ದ ದೊಡ್ಡ ಇಂಜಿನ್ನುಗಳು ಅದನ್ನು ನೋಡಿ ಹೀಯಾಳಿಸುತ್ತವೆ. ಅವುಗಳಲ್ಲಿ ಗೂಡ್ಸ್ ಗಾಡಿ ಎಳೆಯುವ ಒಂದು ಭಾರಿ ಇಂಜಿನ್ನಿಗೆ ತನ್ನ ಕೆಲಸದ ಬಗ್ಗೆ ಬಹಳ ಜಂಬ. ಅದೇ ರಾತ್ರಿ ಒಂದು ಹಂದಿಮರಿ ಚಕ್ರಕ್ಕೆ ಸಿಕ್ಕಿ ಆ ಭಾರಿ ಇಂಜಿನ್ನು ಹಳಿ ತಪ್ಪಿ ಹೊಲಕ್ಕೆ ಬೀಳುತ್ತದೆ! ಆಗ ಕತ್ತಲಲ್ಲಿ ಸಹಾಯದ ಗಾಡಿ ಎಳೆದುಕೊಂಡು ಓಡಿಹೋಗುವುದು ಯಾರು ಗೊತ್ತಾ? ಎಲ್ಲರೂ ನಕ್ಕಿದ್ದ ಆ ಹೊಸ ಇಂಜಿನ್ನೇ. ಕೊನೆಗೆ ಎಲ್ಲಾ ಸೇರಿ ಅದನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತವೆ.

ಕಬ್ಬಿಣಕ್ಕೆ ಜೀವ ಬಂದದ್ದು ಹೇಗೆ? ಉಗಿ ಇಂಜಿನ್ನನ್ನು ನೋಡಿದವರಿಗೆ ಇದು ಆಶ್ಚರ್ಯ ಅಲ್ಲ. ಅದು ಕಲ್ಲಿದ್ದಲು ತಿನ್ನುತ್ತದೆ, ನೀರು ಕುಡಿಯುತ್ತದೆ. ಒಲೆಯ ಬಿಸಿಗೆ ಬಾಯ್ಲರಿನ ನೀರು ಕುದಿದು ಉಗಿಯಾಗುತ್ತದೆ. ಉಗಿ ಪಿಸ್ಟನ್ನನ್ನು ಹಿಂದೆ ಮುಂದೆ ತಳ್ಳುತ್ತದೆ. ಪಿಸ್ಟನ್ನಿಗೆ ಜೋಡಿಸಿದ ಸರಳು ಚಕ್ರ ತಿರುಗಿಸುತ್ತದೆ. ಕೆಲಸ ಮುಗಿದ ಉಗಿ ಚಿಮಣಿಯಿಂದ 'ಛುಕ್' ಅಂತ ಹೊರಗೆ ಬರುತ್ತದೆ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಸಲ 'ಛುಕ್' ಅನ್ನುತ್ತದೆ. ಏರು ಬಂದರೆ ನಮ್ಮ ಹಾಗೇ ಏದುಸಿರು ಬಿಡುತ್ತದೆ.

ಈಗ ಬೀರೂರು ಜಂಕ್ಷನ್ನಿಗೆ ಉಗಿಬಂಡಿ ಬರುವುದಿಲ್ಲ. 1990ರ ದಶಕದಲ್ಲಿ ಮೀಟರ್ ಗೇಜ್ ಹಳಿ ತೆಗೆದು ಬ್ರಾಡ್ ಗೇಜ್ ಹಾಕಿದರು. ಮೊದಲು ಹಳಿಗಳ ನಡುವೆ 1000 ಮಿ.ಮೀ. ಅಂತರ ಇತ್ತು, ಈಗ 1676 ಮಿ.ಮೀ. ಇಂಜಿನ್ನುಗಳು ಬದಲಾದವು, ಆದರೆ ಕಥೆ ಹಳೆಯದಾಗಿಲ್ಲ.

ಯಾಕೆಂದರೆ ನಮ್ಮ ಶಾಲೆಗೂ ಬೇರೆ ಊರಿಂದ ಮಕ್ಕಳು ಬಂದು ಸೇರುತ್ತಾರೆ. ಅವರ ಮಾತು, ಬಟ್ಟೆ ನೋಡಿ ನಗುವವರು ಇದ್ದಾರೆ. ಹಾಗೆ ನಗಬೇಡಿ. ಹಳಿ ತಪ್ಪಿ ಹೊಲದಲ್ಲಿ ಬಿದ್ದಾಗ ನಮ್ಮನ್ನು ಎಳೆಯಲು ಬರುವವರು ಅವರೇ ಆಗಿರಬಹುದು!